ಹಳೇ ಟರ್ಬೊ ಕಾರು, ಬೂಸ್ಟ್ ಬರುತ್ತಿಲ್ಲ: ಎಲ್ಲಿಂದ ಹುಡುಕಬೇಕು

ಮೈಸೂರಿನಲ್ಲಿ ಪರಿಚಯದವರ ಪೋರ್ಷೆ 944 ಟರ್ಬೊ ಮಾರಾಟಕ್ಕಿದೆ. 1986ರ ಮಾಡೆಲ್. ಟರ್ಬೊ ಅಂದರೆ ಎಂಜಿನ್ನಿನಿಂದ ಹೊರಬರುವ ಹೊಗೆಯ ಬಲಕ್ಕೆ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಯಂತ್ರ. ಆ ಹೆಚ್ಚಿನ ಒತ್ತಡವೇ ಬೂಸ್ಟ್. ಎಂಜಿನ್ ಕಂಪ್ಯೂಟರಿನ ಚಿಪ್ ಬದಲಾಗಿದೆ, ಸೈಲೆನ್ಸರ್ ಬದಲಾಗಿದೆ, ಬೂಸ್ಟ್ ಕಂಟ್ರೋಲರ್ ಕೂಡ ಹೊರಗಿನದು. ನೋಡಲು ಬಂದವರು ಒಂದು ರೌಂಡ್ ಓಡಿಸಿ ಇಳಿದು ಹೇಳುತ್ತಿದ್ದ ಮಾತು ಒಂದೇ: "ಟರ್ಬೊ ಹೋಗಿದೆ ಸಾರ್." ಈ ಒಂದು ಮಾತಿಗೆ ರೇಟು ಲಕ್ಷಗಟ್ಟಲೆ ಇಳಿಯುತ್ತದೆ. ಟರ್ಬೊ ಹೋಗಿರಲಿಲ್ಲ. ಹಳೇ ಟರ್ಬೊ ಕಾರುಗಳಲ್ಲಿ, ಅದರಲ್ಲೂ ನಾಲ್ಕು ಜನ ಕೈ ಹಾಕಿ ಮಾಡಿಫೈ ಮಾಡಿದ ಕಾರುಗಳಲ್ಲಿ, ಪಿಕಪ್ ಇಲ್ಲ ಅಂದರೆ ಟರ್ಬೊ ಮೇಲೆ ಅನುಮಾನ ಪಡುವುದು ಕೊನೆಗೆ. ಮೊದಲು ನೋಡಬೇಕಾದ್ದು ಹೋಸು, ಕ್ಲಾಂಪು, ರಬ್ಬರು. ಕೊಳ್ಳುವವರಿಗೂ ಮಾರುವವರಿಗೂ ಉಪಯೋಗ ಆಗಲಿ ಅಂತ, ನಾವು ನೋಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಕಾರಿನ ಬಗ್ಗೆ ಎರಡು ಮಾತು. 944 ಟರ್ಬೊ ಬಂದದ್ದು 1985ರಲ್ಲಿ. ಕಂಪನಿಯೊಳಗಿನ ನಂಬರು 951. 2,479 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಕೆಕೆಕೆ ಕಂಪನಿಯ ಟರ್ಬೊ, 220 ಹಾರ್ಸ್‌ಪವರ್. 1988ರ ಟರ್ಬೊ ಎಸ್‌ನಲ್ಲಿ ಅದು 250 ಆಯಿತು. ರೇಸಿಂಗ್ ಹಿನ್ನೆಲೆ ಅನ್ನುವುದು ಸುಮ್ನೆ ಹೇಳುವ ಮಾತಲ್ಲ. ರೋಡಿಗೆ ಬರುವ ಮೊದಲೇ, 1981ರ ಲ ಮಾನ್ 24 ಗಂಟೆ ರೇಸಿನಲ್ಲಿ 2.5 ಲೀಟರ್ ಟರ್ಬೊ ಎಂಜಿನ್ನಿನ ಪ್ರಯೋಗದ ಕಾರನ್ನು ವಾಲ್ಟರ್ ರೋರ್ಲ್ ಮತ್ತು ಯುರ್ಗನ್ ಬಾರ್ಟ್ ಓಡಿಸಿ ಒಟ್ಟಾರೆ 7ನೇ ಸ್ಥಾನಕ್ಕೆ ತಂದರು. 1986ರಿಂದ ಜರ್ಮನಿಯಲ್ಲಿ ಈ ಕಾರಿಗೆಂದೇ 944 ಟರ್ಬೊ ಕಪ್ ಅನ್ನುವ ರೇಸ್ ಸರಣಿ ನಡೆಯಿತು.

ಆದರೆ ಇದೆಲ್ಲ ಮಾಡೆಲಿನ ಚರಿತ್ರೆ. ನಿಮ್ಮ ಮುಂದೆ ನಿಂತಿರುವ ಕಾರಿನದ್ದು ಬೇರೆ. ಜಾಹೀರಾತಿನಲ್ಲಿ "ರೇಸಿಂಗ್ ಕಾರು" ಅಂತ ಇದ್ದರೆ ಕಾರ್ಪೆಟ್ ಎತ್ತಿ ನೋಡಿ. ರೋಲ್ ಕೇಜ್ ಕೂರಿಸಿದ ಪ್ಲೇಟುಗಳ ಗುರುತು, ಬೆಂಕಿ ಆರಿಸುವ ಸಿಲಿಂಡರ್ ಬೋಲ್ಟ್ ಹಾಕಿದ ತೂತು, ಸೀಟಿನ ಬೆಲ್ಟಿಗೆ ಬೇರೆ ಹಿಡಿಗಳು, ಇವು ಕಾಣುತ್ತವೆಯಾ? ರೇಸ್ ಓಡಿದ ಕಾರಿನಲ್ಲಿ ಎಂಜಿನ್ ಹಲವು ಸಲ ಬಿಚ್ಚಿರುತ್ತಾರೆ. ಬಿಚ್ಚಿ ಕೂರಿಸಿದ ಪ್ರತಿ ಜಾಯಿಂಟೂ ಒಂದು ಅನುಮಾನದ ಜಾಗ. ದೋಷ ಹುಡುಕುವವರಿಗೆ ಚರಿತ್ರೆ ಬೇಕಾಗುವುದು ಇದಕ್ಕೇ.

ಆಕ್ಸಿಲರೇಟರ್ ಒತ್ತುವ ಮುಂಚೆ

ಟೈಮಿಂಗ್ ಬೆಲ್ಟಿನ ಬಿಲ್ಲು ಕೇಳಿ. ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. 944ರ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ನು ವಾಲ್ವಿಗೆ ಹೊಡೆಯುತ್ತದೆ, ವಾಲ್ವು ಬಗ್ಗುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ. ಇದರಲ್ಲಿ ಎರಡು ಬೆಲ್ಟ್ ಇವೆ, ಒಂದು ಕ್ಯಾಮ್‌ಗೆ, ಇನ್ನೊಂದು ಬ್ಯಾಲೆನ್ಸ್ ಶಾಫ್ಟ್‌ಗೆ. ಈ ಕಾರು ಇಟ್ಟುಕೊಂಡವರು ಸಾಮಾನ್ಯವಾಗಿ ಸುಮಾರು 48,000 ಕಿ.ಮೀ. ಅಥವಾ ನಾಲ್ಕು ವರ್ಷ, ಯಾವುದು ಮೊದಲೋ ಅದಕ್ಕೆ ಬದಲಾಯಿಸುತ್ತಾರೆ. ಮೈಸೂರಿನಲ್ಲಿ ಶೆಡ್ಡಿನಲ್ಲೇ ನಿಂತಿರುವ ಕಾರಿಗೆ ಕಿಲೋಮೀಟರ್ ಲೆಕ್ಕ ಹೇಳಿ ಪ್ರಯೋಜನ ಇಲ್ಲ, ವರ್ಷದ ಲೆಕ್ಕವೇ ಮುಖ್ಯ. ಬಿಲ್ ಇಲ್ಲ, ಯಾವಾಗ ಹಾಕಿದ್ದು ಗೊತ್ತಿಲ್ಲ ಅಂದರೆ ಜೋರಾಗಿ ಓಡಿಸಿ ನೋಡುವ ಮಾತೇ ಬೇಡ. ನಿಂತಲ್ಲೇ ಮಾಡುವ ಪರೀಕ್ಷೆಗಳು ಸಾಕಷ್ಟಿವೆ.

ಇನ್ನೊಂದು ವಿಷಯ. ಈ ಕಾರಿಗೆ ಈಗಿನ ಸ್ಕ್ಯಾನರ್ ಹಾಕಲು ಜಾಗವೇ ಇಲ್ಲ. ಸ್ಕ್ಯಾನರ್ ಸಿಕ್ಕಿಸುವ ಓಬಿಡಿ-2 ವ್ಯವಸ್ಥೆ ಆಗಿನ್ನೂ ಹುಟ್ಟಿರಲಿಲ್ಲ. ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವ ಹುಡುಗರು ಪ್ಲಗ್ ಹುಡುಕಿ ಹುಡುಕಿ ಕೊನೆಗೆ ಟರ್ಬೊ ಅಂತ ಹೇಳಿ ಹೋಗುವುದು ಇದೇ ಕಾರಣಕ್ಕೆ. ಇಲ್ಲಿ ಕಣ್ಣು, ಕಿವಿ, ಮೂಗು ಮತ್ತು ಒಂದು ಗೇಜ್, ಇಷ್ಟೇ ನಮ್ಮ ಸಾಮಾನು.

ಮುಳ್ಳು ಏನು ಹೇಳುತ್ತದೆ

ಡ್ಯಾಶ್‌ಬೋರ್ಡಿನಲ್ಲಿ ಇರುವ ಬೂಸ್ಟ್ ಗೇಜ್ ತುಂಬ ಜನರನ್ನು ದಾರಿ ತಪ್ಪಿಸುತ್ತದೆ. ಇದು ಒಟ್ಟು ಒತ್ತಡ ತೋರಿಸುವ ಗೇಜ್. ಅಂದರೆ ಹೊರಗಿನ ಗಾಳಿಯ ಒತ್ತಡವೂ ಅದರಲ್ಲಿ ಸೇರಿದೆ. 1 ಬಾರ್ ಅಂತ ತೋರಿಸಿದರೆ ಟರ್ಬೊ ಏನೂ ಕೊಡುತ್ತಿಲ್ಲ ಅಂತ ಅರ್ಥ. 1.75 ತೋರಿಸಿದರೆ ಟರ್ಬೊ ಕೊಟ್ಟದ್ದು ಮುಕ್ಕಾಲು ಬಾರ್. 220 ಹಾರ್ಸ್‌ಪವರ್ ಕಾರಿನಲ್ಲಿ ಕಾರ್ಖಾನೆಯ ಸೆಟ್ಟಿಂಗಿಗೆ ಮುಳ್ಳು ಹೋಗಬೇಕಾದ ಜಾಗ ಹೆಚ್ಚುಕಡಿಮೆ ಅದೇ.

ಈಗ ಮೈಸೂರಿನ ಲೆಕ್ಕ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ. ಇಲ್ಲಿ ಗಾಳಿಯ ಒತ್ತಡವೇ 0.92 ಬಾರ್ ಆಸುಪಾಸು. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಗೇಜ್ ನೋಡಿ. ಮುಳ್ಳು 1ಕ್ಕಿಂತ ಒಂದು ಕೂದಲೆಳೆ ಕೆಳಗೆ ನಿಂತರೆ ಸರಿಯಾಗಿದೆ. ಅಲ್ಲಿಂದ ತುಂಬ ಕೆಳಗೋ ಮೇಲೋ ಇದ್ದರೆ ಗೇಜನ್ನೇ ನಂಬಬೇಡಿ.

ಇದರ ಪರಿಣಾಮ ಮಾಡಿಫೈ ಮಾಡಿದ ಕಾರಿನಲ್ಲಿ ಜಾಸ್ತಿ. ಕೈಯಿಂದ ತಿರುಗಿಸಿ ಸೆಟ್ ಮಾಡುವ ಬೂಸ್ಟ್ ಕಂಟ್ರೋಲರ್ ಒಂದು ಸ್ಪ್ರಿಂಗ್, ಒಂದು ಗುಂಡು, ಅಷ್ಟೇ. ಅದಕ್ಕೆ ಗೊತ್ತಿರುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನುವುದು ಮಾತ್ರ. ಮಂಗಳೂರಿನಲ್ಲಿ 1.75ಕ್ಕೆ ಸೆಟ್ ಮಾಡಿದ ಕಾರು ಘಾಟಿ ಹತ್ತಿ ಮೈಸೂರಿಗೆ ಬಂದರೆ 1.67ಕ್ಕೇ ನಿಲ್ಲುತ್ತದೆ. ಚಾಮುಂಡಿ ಬೆಟ್ಟದ ಮೇಲೆ ಇನ್ನೂ ಸ್ವಲ್ಪ ಕಡಿಮೆ. ಇದು ದೋಷವೇ ಅಲ್ಲ. ಕರಾವಳಿಯಿಂದ ಬಂದ ಖರೀದಿದಾರರು ಇದನ್ನೇ ನೋಡಿ "ಬೂಸ್ಟ್ ಕಡಿಮೆ" ಅನ್ನುತ್ತಾರೆ. ಮಾರುವವರು ಹೆದರಿ ಕಂಟ್ರೋಲರ್ ತಿರುಗಿಸಿ ಬೂಸ್ಟ್ ಏರಿಸುತ್ತಾರೆ. ಅಲ್ಲಿಂದ ನಿಜವಾದ ತೊಂದರೆ ಶುರು.

ಇನ್ನು ಮುಳ್ಳಿನ ನಡೆ. ಎಷ್ಟಕ್ಕೆ ಹೋಯಿತು ಅನ್ನುವುದಕ್ಕಿಂತ ಹೇಗೆ ಹೋಯಿತು ಅನ್ನುವುದನ್ನು ಗಮನಿಸಿ. ನಿಧಾನವಾಗಿ, ತಡವಾಗಿ ಏರಿ, ಕೊನೆಗೆ ಬೇಕಾದಷ್ಟಕ್ಕೆ ಮುಟ್ಟಿದರೆ ಟರ್ಬೊಗೆ ಹೋಗುವ ಹೊಗೆ ಎಲ್ಲೋ ಸೋರುತ್ತಿದೆ, ಇಲ್ಲವೇ ಯಾರೋ ದೊಡ್ಡ ಟರ್ಬೊ ಹಾಕಿದ್ದಾರೆ. ಬೇಗನೇ ಏರಿ ಒಂದು ಕಡಿಮೆ ಮಟ್ಟದಲ್ಲಿ ಗಟ್ಟಿಯಾಗಿ ನಿಂತುಬಿಟ್ಟರೆ ವೇಸ್ಟ್‌ಗೇಟ್ (ಬೂಸ್ಟ್ ಸಾಕಾದಾಗ ಹೊಗೆಯನ್ನು ಟರ್ಬೊಗೆ ಹೋಗದಂತೆ ಪಕ್ಕಕ್ಕೆ ಬಿಡುವ ಬಾಗಿಲು) ಬೇಗ ತೆರೆಯುತ್ತಿದೆ, ಅಥವಾ ಅದನ್ನು ಕಂಟ್ರೋಲ್ ಮಾಡುವ ಸಾಲಿನಲ್ಲಿ ಏನೋ ಇದೆ. ಚೆನ್ನಾಗಿ ಏರಿ, ಆಮೇಲೆ ಆರ್‌ಪಿಎಂ ಜಾಸ್ತಿ ಆದಂತೆ ಜಾರಿ ಕೆಳಗೆ ಬಂದರೆ ಒತ್ತಡಕ್ಕೆ ಯಾವುದೋ ಜಾಯಿಂಟ್ ಬಾಯಿ ಬಿಡುತ್ತಿದೆ. ನಾವು ನೋಡಿದ ಕಾರಿನದ್ದು ಈ ಮೂರನೆಯ ಥರ. 1.5ರವರೆಗೆ ಖುಷಿಯಿಂದ ಹೋಗಿ, 4,000 ಆರ್‌ಪಿಎಂ ದಾಟುತ್ತಿದ್ದಂತೆ 1.3ಕ್ಕೆ ಇಳಿಯುತ್ತಿತ್ತು.

ಮುಳ್ಳು ಸರಿಯಾಗಿಯೇ ಇದೆ, ಆರ್‌ಪಿಎಂ ಏರುತ್ತಿದೆ, ಸ್ಪೀಡ್ ಮಾತ್ರ ಏರುತ್ತಿಲ್ಲ ಅಂದರೆ ಅದು ಕ್ಲಚ್. ಈ ಕಾರಿನಲ್ಲಿ ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ಹತ್ತಿರ ಇರುತ್ತದೆ, ನಡುವೆ ಉದ್ದಕ್ಕೆ ಟಾರ್ಕ್ ಟ್ಯೂಬ್. ಕ್ಲಚ್ ಬದಲಾಯಿಸಲು ಅದನ್ನೆಲ್ಲ ಹಿಂದಕ್ಕೆ ಸರಿಸಬೇಕು. ಕೂಲಿಯೇ ಭಾರಿ ಆಗುತ್ತದೆ. ಇದನ್ನು ರೇಟಿನಲ್ಲಿ ಇಳಿಸಿಕೊಳ್ಳಿ, ನ್ಯಾಯವಾದ ಮಾತು.

ಹೊಗೆ ನೋಡಿ

ಒಬ್ಬರು ಓಡಿಸಲಿ, ಇನ್ನೊಬ್ಬರು ಹಿಂದೆ ಬೇರೆ ಕಾರಿನಲ್ಲಿ ಬರಲಿ. ಬೂಸ್ಟ್ ಏರಿದಾಗ ಕಪ್ಪು ಹೊಗೆ ಬಂದರೆ ಅದು ದೊಡ್ಡ ಸುಳಿವು. ಈ ಎಂಜಿನ್ನಿಗೆ ಎಷ್ಟು ಗಾಳಿ ಬಂತು ಅಂತ ಅಳೆಯುವುದು ಮುಂದೆ ಇರುವ ಏರ್ ಫ್ಲೋ ಮೀಟರ್. ಒಳಗೆ ಒಂದು ರೆಕ್ಕೆ ಬಾಗಿಲಿನ ಹಾಗೆ ತೆರೆದು ಅಳತೆ ಹೇಳುತ್ತದೆ, ಅದನ್ನು ನಂಬಿ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ. ಅಳೆದಾದ ಮೇಲೆ, ಟರ್ಬೊ ದಾಟಿದ ಮೇಲೆ ಗಾಳಿ ಸೋರಿಹೋದರೆ ಪೆಟ್ರೋಲ್ ಮಾತ್ರ ಪೂರ್ತಿ ಬರುತ್ತದೆ, ಗಾಳಿ ಅರ್ಧ. ಅದಕ್ಕೇ ಕಪ್ಪು ಹೊಗೆ, ಅದಕ್ಕೇ ಮಂಕು.

ತಿರುಗಾ ಮುರುಗಾ ಕೂಡ ಆಗುತ್ತದೆ. ಮೀಟರಿನಿಂದ ಟರ್ಬೊಗೆ ಹೋಗುವ ಬಾಗಿದ ರಬ್ಬರ್ ಹೋಸಿಗೆ ಜೆ-ಬೂಟ್ ಅನ್ನುತ್ತಾರೆ. ಅದು ಹರಿದರೆ ಅಳತೆ ಆಗದ ಗಾಳಿ ಒಳಗೆ ಬರುತ್ತದೆ. ಆಗ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಐಡ್ಲಿಂಗ್ ನಡುಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ತಡವರಿಸುತ್ತದೆ. ಬೂಸ್ಟಿನಲ್ಲಿ ಇದು ಅಪಾಯದ ಸ್ಥಿತಿ, ಪಿಸ್ಟನ್ನೇ ಸುಡಬಹುದು. ಜೆ-ಬೂಟಿನ ಹರುಕು ಮೇಲಿಂದ ಕಾಣುವುದಿಲ್ಲ. ಟರ್ಬೊ ಬಿಸಿ ಮತ್ತು ಎಣ್ಣೆ ತಾಗುವ ಕೆಳಭಾಗದಲ್ಲೇ ಅದು ಮೆತ್ತಗಾಗಿ ಬಿರಿಯುವುದು. ಕೈ ಹಾಕಿ ಒತ್ತಿ, ಬೆರಳಿಂದ ಸವರಿ ನೋಡಬೇಕು.

ನೀಲಿ ಹೊಗೆ ಬೇರೆ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ.

ಗಾಳಿ ತುಂಬಿ ಸೋರಿಕೆ ಹಿಡಿಯುವುದು

ಇದೇ ಈ ಕೆಲಸದ ಮುಖ್ಯ ಭಾಗ. ಖರ್ಚು ತೀರಾ ಕಡಿಮೆ. ಹೊಸ ಟರ್ಬೊ ತರಿಸುವ ಮಾತಾಡುವ ಮೊದಲು ಇದನ್ನು ಮಾಡದಿದ್ದರೆ ದುಡ್ಡು ನೀರಿಗೆ ಹಾಕಿದಂತೆ.

ಜೆ-ಬೂಟಿನ ಮೇಲಿನ ಬಾಯಿಯ ಅಳತೆ ತೆಗೆದುಕೊಂಡು ಪ್ಲಂಬಿಂಗ್ ಅಂಗಡಿಗೆ ಹೋಗಿ. ಆ ಅಳತೆಯ ಪಿವಿಸಿ ಎಂಡ್ ಕ್ಯಾಪ್ ಸಿಗುತ್ತದೆ. ಅದರ ನಡುವೆ ತೂತು ಕೊರೆದು ಪಂಕ್ಚರ್ ಅಂಗಡಿಯಿಂದ ತಂದ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಏರ್ ಫ್ಲೋ ಮೀಟರ್ ಕಳಚಿ, ಆ ಜಾಗದಲ್ಲಿ ಈ ಕ್ಯಾಪ್ ಸಿಕ್ಕಿಸಿ, ಕ್ಲಾಂಪ್ ಬಿಗಿ ಮಾಡಿ. ಈಗ ಜೆ-ಬೂಟಿನಿಂದ ಹಿಡಿದು ಎಂಜಿನ್ನಿನವರೆಗೆ ಪೂರ್ತಿ ಸಾಲನ್ನು ಗಾಳಿ ತುಂಬಿ ನೋಡಬಹುದು.

ಕಂಪ್ರೆಸರ್ ವಿಷಯದಲ್ಲಿ ಹುಷಾರು. ಪಂಕ್ಚರ್ ಅಂಗಡಿಯ ಟ್ಯಾಂಕಿನಲ್ಲಿ ನೂರು ಪಿಎಸ್‌ಐಗೂ ಜಾಸ್ತಿ ಇರುತ್ತದೆ. ನಮಗೆ ಬೇಕಾದ್ದು 7ರಿಂದ 10 ಪಿಎಸ್‌ಐ, ಅಂದರೆ ಸುಮಾರು ಅರ್ಧ ಬಾರ್‌ನಿಂದ 0.7 ಬಾರ್‌ವರೆಗೆ. ರೆಗ್ಯುಲೇಟರ್ ಇಲ್ಲದೆ ಮಾಡಲೇಬೇಡಿ. ಜಾಸ್ತಿ ಒತ್ತಡ ಕೊಟ್ಟರೆ ಆಯಿಲ್ ಸೀಲುಗಳು ಕಿತ್ತು ಬರುತ್ತವೆ, ಕ್ಯಾಪು ಗುಂಡಿನ ವೇಗದಲ್ಲಿ ಹಾರುತ್ತದೆ. ಕ್ಯಾಪಿನ ಎದುರು ಮುಖ ಇಡಬೇಡಿ, ಮಕ್ಕಳನ್ನು ಹತ್ತಿರ ನಿಲ್ಲಿಸಿಕೊಳ್ಳಬೇಡಿ.

ಗಾಳಿ ಬಿಟ್ಟ ತಕ್ಷಣ ಆಯಿಲ್ ಹಾಕುವ ಮುಚ್ಚಳದ ಹತ್ತಿರ ಬುಸ್ ಅಂತ ಶಬ್ದ ಬಂದರೆ ಗಾಬರಿ ಬೇಡ. ಎಂಜಿನ್ನಿನ ಆವಿ ಹೋಗುವ ಬ್ರೀದರ್ ಹೋಸು ಜೆ-ಬೂಟಿಗೇ ಸೇರುತ್ತದೆ, ಗಾಳಿ ಆ ದಾರಿಯಲ್ಲಿ ಒಳಗೆ ಹೋಗುತ್ತಿದೆ. ಆ ಹೋಸನ್ನು ಕಳಚಿ ಎರಡೂ ಕಡೆ ಮುಚ್ಚಿ ಮತ್ತೆ ಮಾಡಿ. ಸೈಲೆನ್ಸರ್ ಕಡೆಯಿಂದ ಶಬ್ದ ಬಂದರೆ ಯಾವುದೋ ಸಿಲಿಂಡರಿನ ಎರಡೂ ವಾಲ್ವ್ ಅರೆ ತೆರೆದು ನಿಂತಿವೆ ಅಂತ. ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ಸ್ವಲ್ಪ ತಿರುಗಿಸಿದರೆ ನಿಲ್ಲುತ್ತದೆ.

ಆಮೇಲೆ ಸೋಪಿನ ನೀರು. ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರಿಗೆ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿಕೊಳ್ಳಿ. ಟರ್ಬೊ ಕೊಟ್ಟ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರಿನ ಎರಡೂ ಬದಿಯ ಹೋಸುಗಳು, ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಥ್ರಾಟಲ್ ಬಾಡಿಯ ಕುತ್ತಿಗೆ, ಇಂಜೆಕ್ಟರ್ ಬುಡದ ಓ-ರಿಂಗುಗಳು, ಐಡ್ಲಿಂಗ್ ವಾಲ್ವಿನ ಹೋಸುಗಳು, ಬ್ರೇಕ್ ಬೂಸ್ಟರಿಗೆ ಹೋಗುವ ಪೈಪು, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಕೆಳಗಿನ ಸಣ್ಣ ವ್ಯಾಕ್ಯೂಮ್ ಪೈಪುಗಳು, ಎಲ್ಲದಕ್ಕೂ ಹೊಡೆಯಿರಿ. ಮ್ಯಾನಿಫೋಲ್ಡ್ ಕೆಳಗೆ ಕಣ್ಣಿಗೆ ಕಾಣುವುದಿಲ್ಲ, ಒಂದು ಸಣ್ಣ ಕನ್ನಡಿ, ಒಂದು ಟಾರ್ಚ್ ಇಟ್ಟುಕೊಳ್ಳಿ. ಗ್ಯಾರೇಜಿನಲ್ಲಿ ರೇಡಿಯೋ, ಫ್ಯಾನು ಆಫ್ ಮಾಡಿಸಿ. ಸಣ್ಣ ಸೋರಿಕೆ ಮೊದಲು ಕಿವಿಗೇ ಸಿಗುವುದು.

ಮೈಸೂರಿನ ಕಾರಿನಲ್ಲಿ ಸಿಕ್ಕಿದ್ದು ಇಂಟರ್‌ಕೂಲರಿನಿಂದ ಥ್ರಾಟಲ್ ಕಡೆ ಹೋಗುವ ಜಾಯಿಂಟಿನಲ್ಲಿ. ಹೊರಗಿಂದ ನೋಡಿದರೆ ಹೊಸ ನೀಲಿ ಸಿಲಿಕೋನ್ ಹೋಸು, ಫಳಫಳ ಅನ್ನುವ ಕ್ಲಾಂಪು. ಯಾರಿಗೂ ಅನುಮಾನ ಬರುವ ಜಾಗವೇ ಅಲ್ಲ. ಗಾಳಿ ತುಂಬಿದಾಗ ಮೊದಮೊದಲು ಏನೂ ಆಗಲಿಲ್ಲ. ಒತ್ತಡ ಏರುತ್ತಾ ಹೋದ ಹಾಗೆ ಹೋಸಿನ ಅಂಚು ಒಂದು ಬದಿಗೆ ಸಣ್ಣಗೆ ಉಬ್ಬಿತು, ಅಡಿಯಿಂದ ನೊರೆ ಗುಳ್ಳೆ ಗುಳ್ಳೆಯಾಗಿ ಬಂತು. ಕಳಚಿ ನೋಡಿದರೆ, ಕ್ಲಾಂಪಿನ ಅರ್ಧ ಭಾಗ ಪೈಪಿನ ಉಬ್ಬಿದ ಅಂಚಿನ ಮೇಲೇ ಹತ್ತಿ ಕೂತಿದೆ. ಅದು ಕೂರಬೇಕಾದ್ದು ಅಂಚಿನ ಹಿಂದೆ. ಒಳಗೆ ಎಣ್ಣೆಯ ತೆಳು ಪದರ, ಹೋಸು ಜಾರಲು ಅದೇ ಸಾಕು. ಪೈಪು ಮತ್ತು ಹೋಸು ಎರಡನ್ನೂ ಎಣ್ಣೆ ಜಿಡ್ಡು ಹೋಗುವ ಹಾಗೆ ಒರೆಸಿ, ಹೋಸನ್ನು ಇನ್ನಷ್ಟು ಒಳಕ್ಕೆ ಏರಿಸಿ, ಟಿ-ಬೋಲ್ಟ್ ಕ್ಲಾಂಪ್ ಹಾಕಿದೆವು.

ಮತ್ತೆ ಗಾಳಿ ತುಂಬಿದಾಗ ಇನ್ನೊಂದು ಸಿಕ್ಕಿತು. ಒಂದು ದೊಡ್ಡ ಸೋರಿಕೆ ಇರುವಾಗ ಸಣ್ಣದು ತೋರುವುದೇ ಇಲ್ಲ, ಹಾಗಾಗಿ ಒಂದು ಸಿಕ್ಕ ಕೂಡಲೇ ಕ್ಯಾಪ್ ಬಿಚ್ಚಿ ಮನೆಗೆ ಹೋಗಬೇಡಿ. ಎರಡನೆಯದು ಬೈಪಾಸ್ ವಾಲ್ವ್. ಆಕ್ಸಿಲರೇಟರ್ ಬಿಟ್ಟಾಗ ಒತ್ತಡವನ್ನು ಟರ್ಬೊಗೆ ಗಾಳಿ ಬರುವ ಕಡೆಗೇ ವಾಪಸ್ ಬಿಡುವ ಪ್ಲಾಸ್ಟಿಕ್ ವಾಲ್ವ್ ಅದು. ಒಳಗಿನ ರಬ್ಬರ್ ಪೊರೆ ಹರಿದಿತ್ತು. ಬಾಯಿಂದ ಎಳೆದು ನೋಡಿದರೂ ಗೊತ್ತಾಗುತ್ತದೆ, ಒಳ್ಳೆಯ ವಾಲ್ವ್ ಆದರೆ ವ್ಯಾಕ್ಯೂಮ್ ಹಿಡಿದುಕೊಳ್ಳುತ್ತದೆ.

ಬೈಪಾಸ್ ವಾಲ್ವ್ ಬಗ್ಗೆ ಇನ್ನೊಂದು ಮಾತು. "ಪುಸ್" ಅಂತ ಶಬ್ದ ಬರಲಿ ಅಂತ ಗಾಳಿಯನ್ನು ಹೊರಗೇ ಬಿಡುವ ವಾಲ್ವ್ ಹಾಕಿಸುತ್ತಾರಲ್ವಾ, ಏರ್ ಫ್ಲೋ ಮೀಟರ್ ಇರುವ ಈ ಕಾರಿಗೆ ಅದು ಬೇಡ. ಅಳೆದ ಗಾಳಿ ಹೊರಗೆ ಹೋಗಿಬಿಡುತ್ತದೆ, ಪ್ರತಿ ಗೇರ್ ಬದಲಾವಣೆಗೂ ಪೆಟ್ರೋಲ್ ಜಾಸ್ತಿಯಾಗಿ ಎಂಜಿನ್ ಮುಗ್ಗರಿಸುತ್ತದೆ. ಶಬ್ದದ ಆಸೆಗೆ ಓಟ ಕೆಡಿಸಿಕೊಂಡ ಕಾರುಗಳು ತುಂಬ ಇವೆ.

ಸೋರಿಕೆ ಇಲ್ಲ, ಆದರೂ ಬೂಸ್ಟ್ ಇಲ್ಲ

ಆಗ ವೇಸ್ಟ್‌ಗೇಟ್ ಕಡೆ ಬನ್ನಿ. ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಒಂದು ಬದಿ, ಟರ್ಬೊ ಇನ್ನೊಂದು ಬದಿ. ನಡುವೆ ಹೊಗೆ ಸಾಗಿಸಲು ಒಂದು ಕ್ರಾಸ್‌ಓವರ್ ಪೈಪು, ಅದರ ಮೇಲೆ ವೇಸ್ಟ್‌ಗೇಟ್. ಒಳಗಿನ ಸ್ಪ್ರಿಂಗ್ ಸುಸ್ತಾದರೆ ಬೇಗ ತೆರೆಯುತ್ತದೆ. ಪೊರೆ ಹರಿದರೆ ಅದಕ್ಕೆ ಹೋಗುವ ಸಿಗ್ನಲ್ಲೇ ಕೆಲಸ ಮಾಡುವುದಿಲ್ಲ, ಆಗ ಬೂಸ್ಟ್ ಅಂಕೆ ಮೀರುವ ಅಪಾಯವೂ ಇದೆ. ಸಿಗ್ನಲ್ ಹೋಸ್ ಕಳಚಿ ಕೈ ಪಂಪಿನಿಂದ ನಿಧಾನಕ್ಕೆ ಒತ್ತಡ ಕೊಟ್ಟು ನೋಡಿ, ಹಿಡಿದುಕೊಳ್ಳಬೇಕು. ಪಂಪಿನ ಗೇಜಿನ ಮುಳ್ಳು ತಾನಾಗಿ ಇಳಿದರೆ ಪೊರೆ ಹೋಗಿದೆ.

ಕೆಲವು ಮೇಸ್ತ್ರಿಗಳು ಒಂದು ಶಾರ್ಟ್‌ಕಟ್ ಹೇಳುತ್ತಾರೆ: "ವೇಸ್ಟ್‌ಗೇಟ್ ಪೈಪ್ ಕಿತ್ತು ಒಂದು ಸಲ ಓಡಿಸಿ ನೋಡಿ, ಬೂಸ್ಟ್ ಬಂದರೆ ಟರ್ಬೊ ಸರಿ ಇದೆ." ದಯವಿಟ್ಟು ಒಪ್ಪಬೇಡಿ. ಪೈಪ್ ಕಿತ್ತರೆ ವೇಸ್ಟ್‌ಗೇಟಿಗೆ ಯಾವಾಗ ತೆರೆಯಬೇಕು ಅಂತ ಹೇಳುವವರೇ ಇಲ್ಲ. ಬೂಸ್ಟ್ ಏರುತ್ತಲೇ ಹೋಗುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಲು ಒಂದೇ ಓಟ ಸಾಕು.

ಕಾರ್ಖಾನೆಯ ಜೋಡಣೆಯಲ್ಲಿ ವೇಸ್ಟ್‌ಗೇಟನ್ನು ಆಳುವುದು ಸೈಕ್ಲಿಂಗ್ ವಾಲ್ವ್, ಅದನ್ನು ಆಳುವುದು ಕೆಎಲ್‌ಆರ್ ಅನ್ನುವ ಪೆಟ್ಟಿಗೆ. ಎಂಜಿನ್ನಿನ ಮುಖ್ಯ ಕಂಪ್ಯೂಟರ್ ಡಿಎಂಇ ಬೇರೆ, ಇದು ಬೇರೆ. ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ತಪ್ಪಾಗಿ ಸಿಡಿಯುವ ಬಡಿತ) ಕೇಳಿಸಿಕೊಂಡು ಕಿಡಿಯ ಟೈಮಿಂಗ್ ಹಿಂದಕ್ಕೆಳೆಯುವುದು, ಬೂಸ್ಟ್ ಇಳಿಸುವುದು ಎಲ್ಲ ಕೆಎಲ್‌ಆರ್ ಕೆಲಸ. ಸೈಕ್ಲಿಂಗ್ ವಾಲ್ವಿನ ಪ್ಲಗ್ ಸಡಿಲಾದರೂ ಬೂಸ್ಟ್ ಅರ್ಧಕ್ಕೇ ನಿಲ್ಲುತ್ತದೆ. ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳುವ ಸೆನ್ಸರ್ ಸವೆದಿದ್ದರೂ ಅದೇ ಗತಿ, ಯಾಕೆಂದರೆ ನೀವು ಪೂರ್ತಿ ಒತ್ತಿದ್ದೀರಿ ಅಂತ ಕೆಎಲ್‌ಆರ್‌ಗೆ ತಿಳಿಯುವುದೇ ಇಲ್ಲ. ಆದರೆ ಮಾಡಿಫೈ ಮಾಡಿದ ಕಾರಿನಲ್ಲಿ ಈ ಸಾಲು ಹಾಗೇ ಇದೆಯಾ, ಅಥವಾ ಕೈ ಕಂಟ್ರೋಲರ್ ಹಾಕಿ ಸೈಕ್ಲಿಂಗ್ ವಾಲ್ವನ್ನೇ ಪಕ್ಕಕ್ಕಿಟ್ಟಿದ್ದಾರಾ ಅಂತ ಮೊದಲು ಪೈಪ್ ಹಿಡಿದು ನೋಡಿ. ಕೆಲಸವೇ ಮಾಡದ ವಾಲ್ವನ್ನು ಪರೀಕ್ಷೆ ಮಾಡುತ್ತಾ ಕೂತರೆ ದಿನ ಹಾಳು.

ಈಗ ಒಂದು ಮುಖ್ಯ ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಡ್ಯಾಶ್‌ಬೋರ್ಡಿನ ಬೂಸ್ಟ್ ಮುಳ್ಳಿಗೆ ಸಿಗ್ನಲ್ ಬರುವುದು ಕೆಎಲ್‌ಆರ್ ಒಳಗಿನ ಒತ್ತಡದ ಸೆನ್ಸರಿನಿಂದ. ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ರಬ್ಬರ್ ಪೈಪು ಕ್ಯಾಬಿನ್ ಒಳಗೆ ಅಲ್ಲಿಗೆ ಬರುತ್ತದೆ. ಆ ಪೈಪು ಬಿರುಕು ಬಿಟ್ಟರೆ ಮುಳ್ಳು ಕಡಿಮೆ ತೋರಿಸುತ್ತದೆ, ಎಂಜಿನ್ನಿನಲ್ಲಿ ಮಾತ್ರ ಬೂಸ್ಟ್ ಪೂರ್ತಿ ಇರುತ್ತದೆ. ಮುಳ್ಳು ನಂಬಿ ಕಂಟ್ರೋಲರ್ ಏರಿಸಿದಿರಿ ಅಂದುಕೊಳ್ಳಿ. ಬೂಸ್ಟ್ ಮಿತಿ ಮೀರಿದರೆ ತಡೆಯಬೇಕಾದ ಕೆಎಲ್‌ಆರ್‌ಗೂ ಅದೇ ಸುಳ್ಳು ಸಿಗ್ನಲ್. ತಡೆಯುವವರು ಯಾರೂ ಇಲ್ಲ. ಅದಕ್ಕೇ ಏನನ್ನೂ ತಿರುಗಿಸುವ ಮುನ್ನ ಮ್ಯಾನಿಫೋಲ್ಡಿಗೆ ಒಂದು ಟಿ ಹಾಕಿ ಬೇರೆ ಗೇಜ್ ಜೋಡಿಸಿ, ಎರಡನ್ನೂ ಹೋಲಿಸಿ. ಬೇರೆ ಗೇಜ್ ಸಾಮಾನ್ಯವಾಗಿ ಸೊನ್ನೆಯಿಂದ ಶುರುವಾಗುತ್ತದೆ, ಹಾಗಾಗಿ ಅದರ ಅಂಕಿಗೆ ಮೈಸೂರಿನ 0.92 ಕೂಡಿಸಿ ನೋಡಬೇಕು.

ಟರ್ಬೊ ತಡವಾಗಿ ಎಚ್ಚರವಾಗುವ ಕಾರಿಗೆ ಎಕ್ಸಾಸ್ಟ್ ಪರೀಕ್ಷೆ ಬೆಳಿಗ್ಗೆ ತಣ್ಣಗಿರುವಾಗ ಮಾಡಿ. ಸ್ಟಾರ್ಟ್ ಮಾಡಿದಾಗ ಟಕ್ ಟಕ್ ಅಂತ ಬಂದು, ಬಿಸಿಯಾದಂತೆ ನಿಂತುಹೋಗುವ ಶಬ್ದ ಇದ್ದರೆ ಗ್ಯಾಸ್ಕೆಟ್ಟೋ ಹೆಡರ್ ಬಿರುಕೋ ಇದೆ. ಜಾಯಿಂಟಿನ ಸುತ್ತ ಮಸಿ ಹಿಡಿದಿರುತ್ತದೆ.

ಚಿಪ್ಪು ಮತ್ತು ಪೆಟ್ರೋಲು

ಚಿಪ್ ಹಾಕಿದ ಕಾರಿಗೆ ಅದರ ಜೊತೆಗಿನ ಸಾಮಾನೂ ಇರಬೇಕು. ಕಾರ್ಖಾನೆಯ ಫ್ಯುಯೆಲ್ ಪ್ರೆಶರ್ ರೆಗ್ಯುಲೇಟರ್ 2.5 ಬಾರ್‌ನದ್ದು. ಹಲವು ಚಿಪ್‌ಗಳು 3 ಬಾರ್ ರೆಗ್ಯುಲೇಟರ್ ಇದೆ ಅಂದುಕೊಂಡೇ ಬರೆದವು. ಚಿಪ್ ಮಾತ್ರ ಹಾಕಿ ರೆಗ್ಯುಲೇಟರ್ ಹಾಗೇ ಬಿಟ್ಟರೆ ಮೇಲಿನ ಆರ್‌ಪಿಎಂನಲ್ಲಿ ಪೆಟ್ರೋಲ್ ಸಾಲುವುದಿಲ್ಲ. ಗೇಜ್ ಹಾಕಿ ಅಳೆದರೆ ಗೊತ್ತಾಗುತ್ತದೆ.

ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಈಗ 20% ಎಥನಾಲ್. ಕಬ್ಬಿನ ಸೀಮೆಯಾದ ಮಂಡ್ಯದವರಿಗೆ ಎಥನಾಲ್ ಹೊಸದೇನಲ್ಲ, ಆದರೆ 1986ರ ರಬ್ಬರಿಗೆ ಅದು ಹೊಸದು. ಹಳೇ ಪೆಟ್ರೋಲ್ ಪೈಪುಗಳು ಒಳಗಿಂದ ಉಬ್ಬಿ ಬಿರಿಯುತ್ತವೆ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಬೂಸ್ಟ್ ಹುಡುಕಾಟ ಅಲ್ಲೇ ನಿಲ್ಲಿಸಿ, ಮೊದಲು ಅದನ್ನು ಸರಿ ಮಾಡಿಸಿ. ಇನ್ನೊಂದು, ಎಥನಾಲ್ ಬೆರೆತ ಪೆಟ್ರೋಲ್ ಅಷ್ಟೇ ಗಾಳಿಗೆ ಸ್ವಲ್ಪ ಜಾಸ್ತಿ ಬೇಕು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಈ ಹಳೇ ಕಂಪ್ಯೂಟರ್ ಆಮ್ಲಜನಕ ನೋಡಿ ತಿದ್ದಿಕೊಳ್ಳುವುದಿಲ್ಲ, ತನ್ನಲ್ಲಿ ಬರೆದ ಲೆಕ್ಕದಂತೆ ಸುರಿಯುತ್ತದೆ. ಎಥನಾಲ್ ಇಲ್ಲದ ಪೆಟ್ರೋಲಿಗೆಂದು ಟ್ಯೂನ್ ಮಾಡಿದ ಕಾರು ಇಲ್ಲಿ ಅಷ್ಟರ ಮಟ್ಟಿಗೆ ಬಡಕಲಾಗಿ, ಅಂದರೆ ಪೆಟ್ರೋಲ್ ಕಮ್ಮಿಯಾಗಿ ಉರಿಯುತ್ತದೆ. ಗಾಳಿ-ಪೆಟ್ರೋಲ್ ಪ್ರಮಾಣ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ನೋಡದೆ ಬೂಸ್ಟ್ ಏರಿಸಬೇಡಿ.

ಕೊನೆಗೆ ಟರ್ಬೊ

ಟರ್ಬೊ ಮುಂದಿನ ಹೋಸು ಕಳಚಿ, ತಣ್ಣಗಿರುವಾಗ ಶಾಫ್ಟಿನ ತುದಿ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಸ್ವಲ್ಪ ಅಲ್ಲಾಡುವುದು ಸಹಜ, ಓಡುವಾಗ ಆ ಸಂದಿನಲ್ಲಿ ಎಣ್ಣೆ ತುಂಬಿಕೊಳ್ಳುತ್ತದೆ. ಮುಂದಕ್ಕೂ ಹಿಂದಕ್ಕೂ ಆಟ ಇರಬಾರದು. ರೆಕ್ಕೆ ಗೋಡೆಗೆ ಉಜ್ಜಿದ ಗೀರು ಇರಬಾರದು. ಪೈಪಿನಲ್ಲಿ ಎಣ್ಣೆಯ ತೆಳು ಪದರ ಕಂಡು ಟರ್ಬೊ ಸೀಲ್ ಹೋಗಿದೆ ಅನ್ನಬೇಡಿ, ಅದು ಬ್ರೀದರಿನಿಂದಲೂ ಬರುತ್ತದೆ. ಐಡ್ಲಿಂಗಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಆಮೇಲೆ ಒತ್ತಿದಾಗ ನೀಲಿ ಹೊಗೆಯ ಮೋಡವೇ ಎದ್ದರೆ ಮಾತ್ರ ಅನುಮಾನ ಪಡಿ. ಈ ಟರ್ಬೊಗೆ ನೀರಿನ ತಂಪು ಇದೆ. ಎಂಜಿನ್ ಆಫ್ ಮಾಡಿದ ಮೇಲೂ ಒಂದು ಎಲೆಕ್ಟ್ರಿಕ್ ಪಂಪ್ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತದೆ. ಬಿಸಿ ಓಟದ ನಂತರ ಕೀ ತೆಗೆದು ಕಿವಿಗೊಟ್ಟು ಕೇಳಿ. ಶಬ್ದವೇ ಇಲ್ಲ ಅಂದರೆ ಪಂಪ್ ಸತ್ತಿದೆ, ಬೇರಿಂಗ್ ಒಳಗೆ ಎಣ್ಣೆ ಸುಟ್ಟು ಕರಿಕಟ್ಟುತ್ತಿದೆ. ಈಗ ಚೆನ್ನಾಗಿರುವ ಟರ್ಬೊ ಕೂಡ ಹೀಗೆ ಬೇಗ ಸಾಯುತ್ತದೆ.

ಓಡಿಸಿ ನೋಡುವುದು

ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ) ಸಿಕ್ಕರೆ ಅದೇ ಉತ್ತಮ. ರೋಡಿನಲ್ಲೇ ಆಗಬೇಕು ಅಂದರೆ, ಈ ಕಾರು ಮೂರನೇ ಗೇರಿನಲ್ಲಿ 4,000 ಆರ್‌ಪಿಎಂಗೇ ಹತ್ತಿರ ಹತ್ತಿರ 100 ಕಿ.ಮೀ. ಮುಟ್ಟುತ್ತದೆ, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮಿತಿಯೂ ಅಷ್ಟೇ, ಕ್ಯಾಮೆರಾಗಳೂ ಇವೆ. ಎರಡನೇ ಗೇರಿನಲ್ಲಿ 5,500ರವರೆಗೆ ಮಿತಿಯೊಳಗೇ ನೋಡಬಹುದು. ಚಾಮುಂಡಿ ಬೆಟ್ಟದ ರಸ್ತೆ ಬೇಡ, ಬೆಳಗಿನ ಜಾವವೂ ಅಲ್ಲಿ ನಡೆಯುವವರು ಇರುತ್ತಾರೆ. ಮಂಡ್ಯ ಕಡೆಯ ಹಳ್ಳಿ ರಸ್ತೆಗಳೂ ಬೇಡ, ಕಬ್ಬು ಅರೆಯುವ ಕಾಲದಲ್ಲಿ ಹಿಂದೆ ದೀಪ ಇಲ್ಲದ ಟ್ರ್ಯಾಕ್ಟರುಗಳು ತಿರುವಿನಲ್ಲೇ ಸಿಗುತ್ತವೆ.

ಹೋಸು, ವಾಲ್ವ್ ಎರಡೂ ಸರಿಯಾದ ಮೇಲೆ ನಮ್ಮ ಮುಳ್ಳು 1.65ರ ಹತ್ತಿರ ಹೋಗಿ ಅಲ್ಲೇ ನಿಂತಿತು. ಕಪ್ಪು ಹೊಗೆ ಇಲ್ಲ. ಕಂಟ್ರೋಲರ್ ಮುಟ್ಟಲಿಲ್ಲ. 1.75 ಯಾಕೆ ಬರಲಿಲ್ಲ ಅಂತ ಕೇಳಿದವರಿಗೆ ಮೇಲಿನ ಎತ್ತರದ ಲೆಕ್ಕ ತೋರಿಸಿದರೆ ಸಾಕಾಯಿತು.

ಮಾರುವವರಿಗೆ ಒಂದು ಮಾತು. ಡೈನೋ ಚೀಟಿ ಇಲ್ಲದೆ "300 ಹಾರ್ಸ್‌ಪವರ್" ಅಂತ ಬರೆಯುವ ಬದಲು ಸೋರಿಕೆ ಪರೀಕ್ಷೆಯ ವಿಡಿಯೋ ತೋರಿಸಿ, ಬೆಲ್ಟಿನ ಬಿಲ್ ತೋರಿಸಿ. ಕೊಳ್ಳುವವರು ಆರ್‌ಸಿಯಲ್ಲಿನ ಎಂಜಿನ್ ನಂಬರು, ಚಾಸಿ ನಂಬರು ಕಾರಿನ ಮೇಲಿನದಕ್ಕೆ ಹೊಂದುತ್ತವೆಯಾ ಅಂತ ನೀವೇ ಓದಿ ನೋಡಿ. ಕಂಪನಿ ಮಾಡಿದ್ದನ್ನು ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಆದ್ದರಿಂದ ಏನೇನು ಬದಲಾಗಿದೆ ಅಂತ ಬರೆಸಿಕೊಳ್ಳಿ. ಮೂಲ ಚಿಪ್‌ಗಳು, ಸೈಕ್ಲಿಂಗ್ ವಾಲ್ವ್, ಹಳೇ ರೆಗ್ಯುಲೇಟರ್ ಒಂದು ಡಬ್ಬದಲ್ಲಿ ಎಲ್ಲೋ ಇದ್ದೇ ಇರುತ್ತವೆ. ಅವೂ ಕಾರಿನ ಜೊತೆಗೇ ಬರುತ್ತವೆಯಾ ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ.